ಅಘನಾಶಿನಿ: ಅಳಿವೆಯ ದಂಡೆಯ ಊರು

ಕುಮಟಾದಿಂದ ಬಾಡ, ಕಾಗಾಲ ದಾಟಿ ಬರುವ ರಸ್ತೆಗೆ ಅಘನಾಶಿನಿಯಲ್ಲಿ ನೀರು ಅಡ್ಡವಾಗುತ್ತದೆ. ನದಿಯ ಹೆಸರನ್ನೇ ಹೊತ್ತ ಈ ಪುಟ್ಟ ಊರಿಗೆ ಪಶ್ಚಿಮದಲ್ಲಿ ಅರಬ್ಬೀ ಸಮುದ್ರ, ಉತ್ತರದಲ್ಲಿ ನದಿ ಕಡಲು ಸೇರುವ ಅಳಿವೆ, ಬೆನ್ನಿಗೆ ಮುರಕಲ್ಲಿನ ಗುಡ್ಡ. ಎದುರು ದಡದ ತದಡಿ ಬಂದರಿನ ದೋಣಿಗಳ ಬಣ್ಣ ಇಲ್ಲಿಗೇ ಕಾಣುತ್ತದೆಯಾದರೂ ರಸ್ತೆ ಹಿಡಿದು ಅಲ್ಲಿಗೆ ಹೋಗುವವರು ನದಿಯ ಮೇಲ್ಭಾಗದ ಸೇತುವೆಯತ್ತ ಬಹಳ ದೂರ ಸುತ್ತಬೇಕಾಗುತ್ತದೆ. ದೋಣಿಯಲ್ಲಿ ನದಿ ದಾಟುವ ಕಡವೇ ಹತ್ತಿರದ ದಾರಿ. ಊರಿನ ಮುಖ್ಯ ಗುರುತು ಯಾವುದೆಂದು ಕೇಳಿದರೆ ನಾನು ಆ ಕಡವನ್ನೇ ಹೇಳುತ್ತೇನೆ.

ಶಿರಸಿಯ ಶಂಕರ ಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಆಳಕ್ಕೆ ಧುಮುಕುವ ಈ ನದಿಗೆ ದಾರಿಯುದ್ದಕ್ಕೂ ದೊಡ್ಡ ಅಣೆಕಟ್ಟುಗಳಿಲ್ಲ. ಹಾಗಾಗಿ ಮಳೆಗಾಲದ ಸಿಹಿನೀರೂ ಘಟ್ಟದ ಮೆಕ್ಕಲೂ ತಡೆಯಿಲ್ಲದೆ ಇಲ್ಲಿಗೆ ತಲುಪುತ್ತವೆ. ಉಬ್ಬರದಲ್ಲಿ ಅಗಲವಾದ ಕೆರೆಯಂತೆ ತೋರುವ ಜಾಗದಲ್ಲಿ ಆರು ಗಂಟೆ ಕಳೆಯುವಷ್ಟರಲ್ಲಿ ಕೆಸರಿನ ಬಯಲು ಎದ್ದು ನಿಂತಿರುತ್ತದೆ.

ಆ ಬಯಲಿನಲ್ಲೇ ಬಳಚು ಎಂಬ ಚಿಪ್ಪುಜೀವಿ ಇರುವುದು. ಇಳಿತದ ಹೊತ್ತಿಗೆ ಸೊಂಟಮಟ್ಟದ ನೀರಿಗಿಳಿದ ಹೆಂಗಸರನ್ನು ನಾನು ದಡದಲ್ಲಿ ಕುಳಿತು ಬಹಳ ಹೊತ್ತು ನೋಡಿದ್ದೇನೆ. ಕಾಲ್ಬೆರಳಿನಿಂದ ಕೆಸರನ್ನು ತಡಕಿ, ಚಿಪ್ಪು ತಗುಲಿದೊಡನೆ ಬಗ್ಗಿ ಹೆಕ್ಕಿ, ಪಕ್ಕದಲ್ಲಿ ತೇಲುವ ಪಾತ್ರೆಗೆ ಹಾಕುತ್ತಾರೆ. ಮೊದಲ ಬಳಚುಗಳು ಪಾತ್ರೆಯ ತಳಕ್ಕೆ ಬಡಿಯುವ ಸದ್ದು ದಡಕ್ಕೂ ಕೇಳುತ್ತದೆ. ನೀರಿನಡಿಯ ನೆಲದ ಏರುತಗ್ಗುಗಳನ್ನು ಅವರಷ್ಟು ಬಲ್ಲವರು ಬೇರೆ ಯಾರೂ ಇರಲಾರರು ಎಂಬುದು ನನ್ನ ನಂಬಿಕೆ.

ನದಿಯ ಒಳಭಾಗಕ್ಕೆ ಸರಿದರೆ ಮಾಣಿಕಟ್ಟಾದ ಕಡೆ ಉಬ್ಬರದ ಉಪ್ಪುನೀರು ಬರುವ ತಗ್ಗಿನ ಗಜನಿ ಗದ್ದೆಗಳು ಸಿಗುತ್ತವೆ. ಉಪ್ಪುನೀರನ್ನೂ ಮುಳುಗಡೆಯನ್ನೂ ತಾಳುವ ಕಗ್ಗ ಭತ್ತವನ್ನು ಇಲ್ಲಿ ಬೆಳೆಯುತ್ತಾರೆ. ತೆನೆ ಕೊಯ್ದ ಮೇಲೆ ಗದ್ದೆಯಲ್ಲೇ ಉಳಿದು ಕೊಳೆಯುವ ಹುಲ್ಲು ಉಬ್ಬರದೊಂದಿಗೆ ಒಳಬರುವ ಸಿಗಡಿ, ಮೀನುಗಳಿಗೆ ಆಹಾರವಾಗುತ್ತದೆ. ಒಂದೇ ಗದ್ದೆ ಮಳೆಗಾಲದಲ್ಲಿ ಅನ್ನವನ್ನೂ ಆಮೇಲೆ ಮೀನನ್ನೂ ಕೊಡುವ ಈ ಕ್ರಮ ಉಪ್ಪುನೀರನ್ನು ತಡೆಯುವ ಒಡ್ಡು ಗಟ್ಟಿಯಾಗಿರುವಷ್ಟು ದಿನ ಮಾತ್ರ ನಡೆಯುತ್ತದೆ. ಅದೇ ಉಪ್ಪುನೀರು ಉತ್ತರದ ದಂಡೆಯ ಸಾಣಿಕಟ್ಟಾದ ಆಗರಗಳಲ್ಲಿ ಬಿಸಿಲಿಗೆ ಒಣಗಿ ಉಪ್ಪಾಗುತ್ತದೆ. ಇನ್ನೂ ಮೇಲಕ್ಕೆ, ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ನೆನಪಾಗುವ ಮಿರ್ಜಾನ ಕೋಟೆಯಿದೆ.

2024ರಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಪ್ರದೇಶ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳಾದ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಆ ಹೆಕ್ಟೇರುಗಳ ಲೆಕ್ಕದಲ್ಲಿ ಬಳಚು ಹೆಕ್ಕುವವರ ಕೆಸರೂ ಸೇರಿದೆ ಎಂಬುದು ಅದಕ್ಕೆ ಮುಖ್ಯ ಕಾರಣ.

ಊರನ್ನು ಇಡಿಯಾಗಿ ನೋಡಬೇಕೆನ್ನುವವರು ಸಂಜೆಯ ಇಳಿತದ ಸಮಯಕ್ಕೆ ಗುಡ್ಡ ಹತ್ತಬೇಕು. ಅಳಿವೆಯ ಬಾಯಲ್ಲಿ ಮರಳದಿಬ್ಬಕ್ಕೆ ಬಡಿದು ಒಡೆಯುವ ಅಲೆಗಳ ಬಿಳಿ ಗೆರೆ, ಅದನ್ನು ತಪ್ಪಿಸಿ ತದಡಿಯತ್ತ ತಿರುಗುವ ಮೀನುದೋಣಿಗಳು, ಈಚೆಗೆ ಬೆಳ್ಳಕ್ಕಿಗಳು ಬಂದು ಕೂರುತ್ತಿರುವ ಹೊಸ ಕೆಸರುದಿಣ್ಣೆ, ಎಲ್ಲವೂ ಅಲ್ಲಿಂದ ಒಟ್ಟಿಗೆ ಕಾಣುತ್ತವೆ.