ಸಮಭಾಜಕ ವೃತ್ತದ ಮೇಲೆ ತಣ್ಣೀರು

ಗಲಾಪಗೋಸ್ ದ್ವೀಪಗಳ ಪಶ್ಚಿಮ ತೀರಕ್ಕೆ ಹೋಗಬೇಕಾದರೆ ಹಡಗಿನಲ್ಲೇ ರಾತ್ರಿ ಕಳೆಯಬೇಕು. ಇಕ್ವೆಡಾರಿನ ಗ್ವಾಯಾಕಿಲ್‌ನಿಂದ ಬಾಲ್ಟ್ರಾ ದ್ವೀಪಕ್ಕೆ ವಿಮಾನದಲ್ಲಿ ಬಂದು ಸಣ್ಣ ಹಡಗು ಹತ್ತಿದೆವು. ಇಸಬೆಲಾ ದ್ವೀಪದ ಉತ್ತರ ತುದಿಯನ್ನು ಬಳಸಿ, ಸಮಭಾಜಕ ವೃತ್ತವನ್ನು ಅತ್ತ ದಾಟಿ ಮತ್ತೆ ಇತ್ತ ದಾಟಿ, ಪುಂಟಾ ವಿಸೆಂಟೆ ರೋಕಾದಲ್ಲಿ ಹಡಗು ಲಂಗರು ಹಾಕಿತು. ಆಗಸ್ಟ್ ತಿಂಗಳು. ಬಿಸಿಲು ಸುಡಬೇಕಾದ ಜಾಗದಲ್ಲಿ ಗಾರುವಾ ಎಂಬ ತುಂತುರು ಮಂಜು ಕವಿದಿತ್ತು. ಎಲ್ಲರೂ ಸ್ವೆಟರ್ ತೊಟ್ಟಿದ್ದರು.

ನೀರಿಗಿಳಿದರೆ ವೆಟ್‌ಸೂಟಿನೊಳಗೂ ನಡುಕ. ಪೆಂಗ್ವಿನ್ ಒಂದು ಮೊಣಕೈ ಪಕ್ಕದಿಂದಲೇ ಸರ್ರನೆ ಹಾದುಹೋಯಿತು. ಲಾವಾ ಬಂಡೆಯ ಮೇಲೆ ಹಾರಲಾರದ ನೀರುಕಾಗೆ ತನ್ನ ಮೋಟು ರೆಕ್ಕೆಗಳನ್ನು ಹರಡಿ ಒಣಗಿಸಿಕೊಳ್ಳುತ್ತಿತ್ತು. ಈ ಚಳಿಗೆ ಕಾರಣ ಕ್ರಾಮ್‌ವೆಲ್ ಪ್ರವಾಹ. ಸಮಭಾಜಕದ ಗುಂಟ ಸಾವಿರಾರು ಕಿಲೋಮೀಟರ್ ದೂರ ಮೇಲ್ಪದರದ ಅಡಿಯಲ್ಲಿ ಪೂರ್ವಕ್ಕೆ ಹರಿದು ಬರುವ ಈ ನೀರು ಇಸಬೆಲಾ ಮತ್ತು ಫರ್ನಾಂಡಿನಾ ದ್ವೀಪಗಳ ಬುಡಕ್ಕೆ ಬಡಿದು ಮೇಲಕ್ಕೇರುತ್ತದೆ.

ಹಾಗೆ ಬರುವಾಗ ಅದು ಮೀನುಗಳಿಗೆ ಬೇಕಾದ ಪೋಷಕಾಂಶಗಳ ಜೊತೆಗೆ ಇಂಗಾಲವನ್ನೂ ಹೊತ್ತು ತರುತ್ತದೆ. ಮೇಲಿನ ಜೀವಿಗಳ ಅವಶೇಷಗಳು ಮುಳುಗಿ ಆಳದಲ್ಲಿ ಕೊಳೆತು ಸೇರಿಕೊಂಡ ಇಂಗಾಲ ಅದು. ತಣ್ಣೀರು ಅನಿಲವನ್ನು ಹೆಚ್ಚು ಹಿಡಿದಿಡುತ್ತದೆ ಎಂದು ಶಾಲೆಯಲ್ಲಿ ಕಲಿತವರಿಗೆ ಇಲ್ಲಿನ ವ್ಯವಹಾರ ತಲೆಕೆಳಗಾಗಿ ಕಾಣಬಹುದು: ಬಿಸಿಲಿಗೆ ಬಂದ ಈ ನೀರು ಮೆಲ್ಲಗೆ ಬೆಚ್ಚಗಾಗುತ್ತ, ಸೂಕ್ಷ್ಮ ಸಸ್ಯಗಳು ಹೀರಿ ಉಳಿದ ಇಂಗಾಲದ ಡೈಆಕ್ಸೈಡನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಇಲ್ಲಿಂದ ಪಶ್ಚಿಮಕ್ಕೆ ಚಾಚಿದ ಸಮಭಾಜಕ ಪೆಸಿಫಿಕ್, ಕಡಲಿನಿಂದ ವಾತಾವರಣಕ್ಕೆ ಈ ಅನಿಲ ಸೇರುವ ಅತಿದೊಡ್ಡ ನೈಸರ್ಗಿಕ ದ್ವಾರ.

ಕೆಲವು ವರ್ಷಗಳಿಗೊಮ್ಮೆ ಈ ಕಡಲು ಬೆಚ್ಚಗಾಗುವ ಎಲ್ ನಿನೋ ಬಂದಾಗ ಈ ದ್ವಾರ ಅರ್ಧಕ್ಕೂ ಹೆಚ್ಚು ಮುಚ್ಚಿಕೊಳ್ಳುತ್ತದೆ. ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ವಾಣಿಜ್ಯ ಮಾರುತಗಳು ಸೊರಗಿ, ಪಶ್ಚಿಮದ ಬೆಚ್ಚನೆಯ ನೀರು ಪೂರ್ವಕ್ಕೆ ಸರಿದು, ಇಂಗಾಲ ತುಂಬಿದ ಪದರ ಕೆಳಗೆ ಅದುಮಿಹೋಗುತ್ತದೆ. 1990ರ ದಶಕದ ಅಳತೆಗಳಲ್ಲಿ, ಎಲ್ ನಿನೋ ಇಲ್ಲದಾಗ ವರ್ಷಕ್ಕೆ 80ರಿಂದ 100 ಕೋಟಿ ಟನ್‌ನಷ್ಟಿದ್ದ ಇಂಗಾಲದ ಹೊರಹರಿವು ಎಲ್ ನಿನೋ ಕಾಲದಲ್ಲಿ 20ರಿಂದ 40 ಕೋಟಿ ಟನ್‌ಗೆ ಇಳಿದಿತ್ತು. "ನೀರು ಬೆಚ್ಚಗಾದರೆ ಪೆಂಗ್ವಿನ್‌ಗಳು ಗೂಡು ಬಿಟ್ಟು ಹೋಗುತ್ತವೆ" ಎಂದರು ನಮ್ಮ ಮಾರ್ಗದರ್ಶಿ. 1982-83ರಲ್ಲಿ ಅವುಗಳ ಸಂಖ್ಯೆ ಮುಕ್ಕಾಲು ಪಾಲಿನಷ್ಟು ಕುಸಿದಿತ್ತು.

ಹಾಗಾದರೆ ಎಲ್ ನಿನೋ ವರ್ಷ ಗಾಳಿಯಲ್ಲಿ ಈ ಅನಿಲ ನಿಧಾನವಾಗಿ ಏರಬೇಕಲ್ಲವೇ? ಮೊದಲ ಕೆಲವು ತಿಂಗಳು ಹಾಗೆಯೇ ಆಗುತ್ತದೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಅಳೆಯಲು ನಾಸಾ 2014ರಲ್ಲಿ ಹಾರಿಬಿಟ್ಟ ಓಸಿಓ-2 ಉಪಗ್ರಹ 2015ರಲ್ಲಿ ಈ ಸಣ್ಣ ಇಳಿಕೆಯನ್ನು ಪೆಸಿಫಿಕ್ ಮೇಲೆ ಗುರುತಿಸಿತು. ಆಮೇಲೆ ನೆಲದ ಸರದಿ. ಅಮೆಜಾನ್ ಕಾಡು ಬರದಿಂದ ಬಳಲಿ, ಇಂಡೊನೇಷ್ಯಾದಲ್ಲಿ ಅರೆಕೊಳೆತ ಸಸ್ಯಗಳು ಪದರಗಟ್ಟಿದ ಪೀಟ್ ನೆಲ ಹೊತ್ತಿ ಉರಿದು, ಕಡಲು ತಡೆದಿಟ್ಟದ್ದಕ್ಕಿಂತ ಹೆಚ್ಚು ಅನಿಲ ಗಾಳಿ ಸೇರಿತು. ಈ ಅನಿಲವನ್ನು ಅಳೆಯುವ ಹವಾಯಿಯ ಮೌನಾ ಲೋವಾ ಕೇಂದ್ರದಲ್ಲಿ ಆ ವರ್ಷದ ಏರಿಕೆ ಸುಮಾರು 3 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಮೂರು ಪಾಲು. ಎಲ್ ನಿನೋ ಎಂದರೆ ಕೈಕೊಟ್ಟ ಮುಂಗಾರು, ಕೆಆರ್‌ಎಸ್ ನೀರಿನ ಮಟ್ಟದ ಸುದ್ದಿ ಎಂದಷ್ಟೇ ತಿಳಿದಿದ್ದ ನನಗೆ, ಅದರ ಲೆಕ್ಕ ಇಷ್ಟು ದೂರದ ಕಡಲಿನಲ್ಲಿ ಶುರುವಾಗುವುದನ್ನು ಮೈಗೆ ತಾಗಿಸಿಕೊಂಡದ್ದೇ ಈ ಪ್ರವಾಸದ ಲಾಭ.

ಹೋಗುವವರು ಜೂನ್‌ನಿಂದ ನವೆಂಬರ್ ನಡುವೆ ಹೋಗುವುದು ಒಳ್ಳೆಯದು. ನೀರು ಕೊರೆಯುತ್ತದೆ, ಮಂಜಿನಿಂದ ಫೋಟೊಗಳು ಮಂಕಾಗುತ್ತವೆ, ಆದರೆ ಆಳದ ನೀರು ಮೇಲೇಳುವುದು ಹೆಚ್ಚಾಗಿ ಆಗಲೇ.