ಗೋಡೆ ಮೇಲಿನ 1918: ಹದಿನೈದನೇ ದಿನಕ್ಕೆ ಬಂದೆ

ಹೊಸಬರಿಗಾಗಿ ಮೊದಲು ಎರಡು ಮಾತು. ಮೊದಲ ಮಹಾಯುದ್ಧದ ಕೊನೆಯ 58 ದಿನಗಳನ್ನು, ಅಂದರೆ 1918ರ ಸೆಪ್ಟೆಂಬರ್ 15ರಿಂದ ನವೆಂಬರ್ 11ರವರೆಗೆ, ದಿನಕ್ಕೊಂದು ಪುಟದಂತೆ ಬರೆಯುತ್ತಿದ್ದೇನೆ. ಒಂದೊಂದು ರಣರಂಗಕ್ಕೆ ಎರಡೇ ಸಾಲು. ಬರೆದದ್ದನ್ನು ಗೋಡೆಯ ಥರ್ಮೋಕೋಲ್ ನಕ್ಷೆ ಮೇಲೆ ಗುಂಡುಸೂಜಿ, ಕೆಂಪು ದಾರದಲ್ಲಿ ತೋರಿಸಬೇಕು. ನಿಯಮ ಒಂದೇ: ಆವತ್ತು ಸೇನೆಗೆ ಗೊತ್ತಿದ್ದದ್ದಷ್ಟೇ ಬರೆಯಬೇಕು, ಮುಂದಿನ ಪುಟ ಇಣುಕುವ ಹಾಗಿಲ್ಲ.

ಮೊದಲ ಕಿರಿಕಿರಿ ನಕ್ಷೆಯ ಅಳತೆಯದು. ಒಂದು ಸೆಂಟಿಮೀಟರ್‌ಗೆ 20 ಕಿಲೋಮೀಟರ್ ಇಟ್ಟೆ. ಬೆಲ್ಜಿಯಂನ ಫ್ಲಾಂಡರ್ಸ್‌ನಿಂದ ಕ್ಯಾಸ್ಪಿಯನ್ ತೀರದ ಬಾಕುವರೆಗೆ ಎರಡು ಮೀಟರ್ ಗೋಡೆ ಹೋಯಿತು. ಸೆಪ್ಟೆಂಬರ್ 18ರಂದು ಫ್ರಾನ್ಸ್‌ನ ಎಪೆಹಿಯಲ್ಲಿ ಬ್ರಿಟಿಷರು ಸುಮಾರು 5 ಕಿ.ಮೀ. ಮುಂದೆ ಹೋದರು. ಪಶ್ಚಿಮ ರಣರಂಗದ ಲೆಕ್ಕದಲ್ಲಿ ಅದು ಸಣ್ಣ ಗೆಲುವೇನಲ್ಲ. ನನ್ನ ದಾರ ಸರಿದದ್ದು ಕಾಲು ಸೆಂಟಿಮೀಟರ್! ಮಾರನೇ ದಿನ ಪ್ಯಾಲೆಸ್ಟೈನ್‌ನಲ್ಲಿ ಬ್ರಿಟಿಷ್ ದಂಡನಾಯಕ ಅಲೆನ್‌ಬಿಯ ದಾಳಿ ಶುರು. ಅವನ ಒಂದು ಕುದುರೆ ಡಿವಿಷನ್ ಒಂದೂವರೆ ದಿನದೊಳಗೆ 100 ಕಿ.ಮೀ.ಗೂ ಜಾಸ್ತಿ ಓಡಿತು. ಅಲ್ಲಿ ದಾರ ಸಾಲದೆ ಗಂಟು ಹಾಕಬೇಕಾಯಿತು. ಪೂರ್ವ ಆಫ್ರಿಕಾದಲ್ಲಿ ತಪ್ಪಿಸಿಕೊಂಡು ಓಡಾಡುತ್ತಿದ್ದ ಜರ್ಮನ್ ದಂಡನಾಯಕ ಲೆಟೊವ್-ಫೋರ್ಬೆಕ್‌ಗೆ ಗೋಡೆಯಲ್ಲಿ ಜಾಗವೇ ಇಲ್ಲ. ಅವನು ಬೀರುವಿನ ಬಾಗಿಲ ಮೇಲಿದ್ದಾನೆ. ಬೀರು ತೆಗೆದಾಗೆಲ್ಲ ಅವನ ಸೂಜಿ ಬೀಳುತ್ತೆ, ಅಮ್ಮನ ಬೈಗುಳ ನನಗೆ.

ಮ್ಯಾಸಿಡೋನಿಯಾ ತಲೆ ಕೆಡಿಸಿತು. 15ರಂದು ಡೊಬ್ರೊ ಪೋಲ್ಯೆ ಬೆಟ್ಟಗಳಲ್ಲಿ ಫ್ರೆಂಚರು, ಸರ್ಬಿಯನ್ನರು ಜರ್ಮನಿಯ ಜೊತೆಗಾರ ಬಲ್ಗೇರಿಯದ ಸಾಲನ್ನು ಒಡೆದರು. 18, 19ರಂದು ಡೋಯ್ರಾನ್‌ನಲ್ಲಿ ಬ್ರಿಟಿಷರು, ಗ್ರೀಕರು ದಾಳಿ ಮಾಡಿದರೆ ಬಲ್ಗೇರಿಯನ್ನರು ಚೆನ್ನಾಗಿ ಬಡಿದು ಕಳಿಸಿದರು. ಹಾಗಾಗಿ ಅಲ್ಲಿ ಸೂಜಿ ಕದಲಿಸಲಿಲ್ಲ. ಆದರೆ 21ರ ಪುಟಕ್ಕೆ ಬಂದಾಗ ಗೆದ್ದವರೇ ಜಾಗ ಖಾಲಿ ಮಾಡುತ್ತಿದ್ದಾರೆ! ಪಶ್ಚಿಮಕ್ಕೆ ಡೊಬ್ರೊ ಪೋಲ್ಯೆಯಲ್ಲಿ ಬಿದ್ದ ಬಿರುಕು ದೊಡ್ಡದಾಗಿ, ಇವರ ಬೆನ್ನ ಹಿಂದಿನ ದಾರಿಗೇ ಅಪಾಯ ಬಂದಿತ್ತು. ಪುಟದಲ್ಲಿ ಎರಡು ರಣರಂಗಗಳಂತೆ ಬರೆದಿದ್ದೆ, ದಾರ ಎಳೆದ ಮೇಲೆ ಎರಡೂ ಒಂದೇ ಅಂತ ಕಂಡಿತು.

ಎಂಟನೇ ದಿನ, ಸೆಪ್ಟೆಂಬರ್ 22. ಪ್ಯಾಲೆಸ್ಟೈನ್‌ನ ಹೈಫಾದಿಂದ, ಜರ್ಮನಿಯ ಕಡೆಯ ತುರ್ಕರು ಹೊರಡುತ್ತಿದ್ದಾರೆ ಅಂತ ವಿಮಾನದವರ ವರದಿ. ಬ್ರಿಟಿಷರು ಊರು ವಶಕ್ಕೆ ತೆಗೆದುಕೊಳ್ಳಲು ಕಾರುಗಳಲ್ಲೇ ಹೊರಟರು. ನಾನೂ ಜಂಬದಿಂದ ಸೂಜಿ ಚುಚ್ಚಿದೆ. ಕಾರುಗಳ ಮೇಲೆ ಫಿರಂಗಿ ಗುಂಡು ಬಿದ್ದು ಅವರು ವಾಪಸಾದರು. ನಾನೂ ಸೂಜಿ ಕಿತ್ತೆ. ಥರ್ಮೋಕೋಲ್‌ನಲ್ಲಿ ತೂತು ಹಾಗೇ ಇದೆ.

ಮಾರನೇ ದಿನ ಊರನ್ನು ನಿಜಕ್ಕೂ ಹಿಡಿದದ್ದು ಕುದುರೆ ಸವಾರರು. ಜೋಧಪುರ ಲ್ಯಾನ್ಸರ್ಸ್ ಊರಿನ ಕಡೆ ನುಗ್ಗಿದರೆ, ನಮ್ಮ ಮೈಸೂರು ಲ್ಯಾನ್ಸರ್ಸ್‌ನವರು ಕಾರ್ಮೆಲ್ ಬೆಟ್ಟ ಹತ್ತಿ ಫಿರಂಗಿಗಳ ಮೇಲೆ ಬಿದ್ದರು. ಜೋಧಪುರದ ಮೇಜರ್ ದಲಪತ್ ಸಿಂಗ್ ಅಲ್ಲಿ ಸತ್ತರು. ಎರಡೇ ಸಾಲು ಅನ್ನೋ ನಿಯಮವನ್ನು ಇಲ್ಲಿ ಮುರಿದೆ, ಒಪ್ಪಿಕೊಳ್ಳುತ್ತೇನೆ. ಹೈಫಾಗೆ ಒಂಬತ್ತು ಸಾಲು ಕೊಟ್ಟಿದ್ದೇನೆ. ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಮೈಸೂರು ಲ್ಯಾನ್ಸರ್ಸ್ ಸ್ಮಾರಕದ ಮುಂದೆ ಎಷ್ಟೋ ಸಲ ಸುಮ್ನೆ ಹಾದು ಹೋಗಿದ್ದೆ.

ಆ ತೂತಿನಿಂದಾಗಿ ಹೊಸ ಪದ್ಧತಿ ತಂದೆ. ‘ಆಗಿದೆಯಂತೆ’ ಅನ್ನೋದಕ್ಕೆ ಬಿಳಿ ತಲೆಯ ಸೂಜಿ, ‘ಆಯಿತು’ ಅನ್ನೋದಕ್ಕೆ ಕೆಂಪು. ಜರ್ಮನ್ ಸೇನೆಯ ಪ್ರಕಟಣೆಗಳಿಗೆ ಬಿಳಿ ಸೂಜಿಯೇ ಜಾಸ್ತಿ ಖರ್ಚು, ಯಾಕೆಂದರೆ ಹಿಂದೆ ಸರಿದಾಗಲೂ ‘ಯೋಜನೆಯಂತೆ’ ಅಂತ ಬರೆಯುವುದು ಅವರ ಅಭ್ಯಾಸ. ಗೆದ್ದವರ ಪ್ರಕಟಣೆಯನ್ನೂ ಕಣ್ಣು ಮುಚ್ಚಿ ನಂಬೋಕಾಗಲ್ಲ, ಅಲ್ವಾ? ಡೋಯ್ರಾನ್‌ನ ಸೋಲನ್ನು ಯಾರೂ ದೊಡ್ಡಕ್ಷರದಲ್ಲಿ ಹಾಕುವುದಿಲ್ಲ.

ಈ ವಾರ ಪಶ್ಚಿಮ ರಣರಂಗಕ್ಕೆ ಉಸಿರಾಡಲೂ ಬಿಡುವಿರಲಿಲ್ಲ. 26ರಂದು ಮ್ಯೂಸ್-ಅರ್ಗಾನ್, 27ರಂದು ಕನಾಲ್ ದ್ಯು ನಾರ್, 28ರಂದು ಫ್ಲಾಂಡರ್ಸ್, 29ರಂದು ಸೇಂಟ್ ಕ್ವೆಂಟಿನ್ ಕಾಲುವೆ. ಜರ್ಮನರಿಗೆ ದಿನಕ್ಕೊಂದು ಕಡೆ ಹೊಡೆತ. ಒಂದೊಂದೇ ನೋಡಿದರೆ ಇಷ್ಟಿಷ್ಟೇ. ಎದುರಿನವನಿಗೆ ಮೀಸಲು ಪಡೆಯನ್ನು ಯಾವ ಕಡೆ ಓಡಿಸಬೇಕು ಅನ್ನೋದೇ ತಿಳಿಯದಂತೆ ಮಾಡುವ ಆಟ ಇದು. ಕಾಲುವೆಯ ಕಥೆ ನನಗೆ ತುಂಬಾ ಇಷ್ಟ. ಬೆಳಗಿನ ದಟ್ಟ ಮಂಜಿನಲ್ಲಿ ಬ್ರಿಟಿಷರ 46ನೇ ಡಿವಿಷನ್‌ನವರು ಹಡಗುಗಳಿಂದ ತಂದ ತೇಲುಪಟ್ಟಿ ಕಟ್ಟಿಕೊಂಡು ನೀರಿಗಿಳಿದರು. ಜರ್ಮನರು ಸಿಡಿಸುವ ಮೊದಲೇ ರಿಕೆವಾಲ್ ಸೇತುವೆಯನ್ನೂ ಹಿಡಿದರು.

ಅದೇ 29ರಂದು ಫ್ರೆಂಚ್ ಕುದುರೆ ಪಡೆ ಮ್ಯಾಸಿಡೋನಿಯಾದ ಸ್ಕೋಪ್ಯೆ ಊರು ಸೇರಿತು. ಗ್ರೀಸ್‌ನ ಸಲೋನಿಕಾದಲ್ಲಿ ಬಲ್ಗೇರಿಯ ಕದನವಿರಾಮಕ್ಕೆ ಸಹಿ ಹಾಕಿತು, ಜಾರಿ 30ರ ಮಧ್ಯಾಹ್ನದಿಂದ. ಪುಟ ತುಂಬಿ ಅಂಚಿನಲ್ಲೂ ಬರೆದಿದ್ದೇನೆ.

ನಾಳೆ ಹದಿನಾರನೇ ದಿನ. ಮ್ಯಾಸಿಡೋನಿಯಾದ ದಾರ ಬಿಚ್ಚಿ ಪಶ್ಚಿಮಕ್ಕೆ ಬಳಸಬಹುದು ಅಂತ ಖುಷಿಯಾಗಿದ್ದೆ. ತಡೆಯಲಾಗದೆ ಮುಂದಿನ ಪುಟ ಇಣುಕಿದೆ. ಸರ್ಬಿಯನ್ನರು ನಿಲ್ಲುವುದಿಲ್ಲ, ನವೆಂಬರ್ 1ಕ್ಕೆ ತಮ್ಮ ರಾಜಧಾನಿ ಬೆಲ್‌ಗ್ರೇಡ್ ಸೇರುತ್ತಾರೆ. ಅಲ್ಲಿವರೆಗೂ ದಾರ ಬೇಕು. ಉಳಿದಿರೋದು ಅರ್ಧ ರೀಲು.