ಬೋರ್ಡೋ ಹುಟ್ಟಿದ ತೋಟ

ಮಳೆ ಸ್ವಲ್ಪ ಹೊಳವಾಯಿತು ಅಂದರೆ ಶಿರಸಿ ಸೀಮೆಯ ಅಡಿಕೆ ತೋಟದವರಿಗೆಲ್ಲ ಬೋರ್ಡೋ, ಅಂದರೆ ಕೊಳೆರೋಗಕ್ಕೆ ತುತ್ತ-ಸುಣ್ಣ ಕಲಸಿದ ಔಷಧಿ, ಹೊಡೆಸುವ ಗಡಿಬಿಡಿ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಸಿಕ್ಕ ದಿನ ಮೈಲುತುತ್ತ (ತಾಮ್ರದ ಸಲ್ಫೇಟ್) ಖಾಲಿ, ತುತ್ತ ತಂದಿಟ್ಟ ದಿನ ಅವನು ಬೇರೆಯವರ ತೋಟದಲ್ಲಿ. ಈ ಔಷಧಿ ಫ್ರಾನ್ಸಿನ ಬೋರ್ಡೋ ಕಡೆಯದು ಅಂತ ಗೊತ್ತಿತ್ತು. ಅದು ಸಿಕ್ಕಿದ್ದು ಅಲ್ಲಿನ ಒಂದು ದ್ರಾಕ್ಷಿತೋಟದ ಸಾಲಿನಲ್ಲಿ, ಆ ತೋಟ ಈಗಲೂ ದುಬಾರಿ ಕೆಂಪು ವೈನ್ ಮಾಡುತ್ತಿದೆ ಅಂತ ಓದಿದ ಮೇಲೆ ನನಗೆ ಅದರದ್ದೇ ಹುಚ್ಚು.

ಹೆಸರು ಶಾತೊ ಡುಕ್ರು-ಬೊಕಾಯು. ಜಿರೋಂದ್ ಅಳಿವೆಯ ದಂಡೆಯಲ್ಲಿ ಸ್ಯಾಂ-ಜೂಲಿಯೆನ್ ಎಂಬ ಊರು. 1882ರ ಅಕ್ಟೋಬರಿನಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರದ ಪ್ರೊಫೆಸರ್ ಮಿಲ್ಲಾರ್ದೆ ಆ ದಾರಿಯಲ್ಲಿ ಹೋಗುತ್ತಿದ್ದರು. ಅಮೆರಿಕದಿಂದ ಬಂದ, ದ್ರಾಕ್ಷಿ ಎಲೆ ಉದುರಿಸುವ ಡೌನಿ ರೋಗಕ್ಕೆ ಬಳ್ಳಿಗಳೆಲ್ಲ ಬೋಳಾಗಿದ್ದರೂ ರಸ್ತೆ ಅಂಚಿನ ಸಾಲಿನಲ್ಲಿ ಎಲೆ ನಿಂತಿತ್ತು, ಎಲೆ ಮೇಲೆ ನೀಲಿ ಕಲೆ. ತೋಟದ ಉಸ್ತುವಾರಿ ಎರ್ನೆಸ್ಟ್ ದಾವಿದ್‌ನನ್ನು ಕೇಳಿದರೆ, ದಾರಿಹೋಕರು ಹಣ್ಣು ಕದಿಯದ ಹಾಗೆ ತುತ್ತ-ಸುಣ್ಣ ಎರಚಿದ್ದು ಅಂದ. (ನಮ್ಮ ತೋಟದ ಮಂಗಗಳಿಗೆ ಇದೂ ನಾಟುವುದಿಲ್ಲ.) ಮುಂದೆ ಇಬ್ಬರೂ ಸೇರಿ ಪ್ರಯೋಗ ಮಾಡಿದರು, 1885ರಲ್ಲಿ ಮಿಲ್ಲಾರ್ದೆ ಪ್ರಕಟಿಸಿದರು. 1910ರ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲಿ ಸಸ್ಯರೋಗ ತಜ್ಞ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೂ ಅದನ್ನೇ ಹೇಳಿದರು. ಡೌನಿ ತರುವ ಜೀವಿಯೂ ಕೊಳೆ ತರುವ ಜೀವಿಯೂ ಒಂದೇ ಬಳಗದವು.

ಆಗ ಆ ತೋಟ ಜಾನ್‌ಸ್ಟನ್ ಎಂಬುವರ ಕೈಯಲ್ಲಿತ್ತು. 1941ರಲ್ಲಿ ಬೋರಿ ಮನೆತನ ಕೊಂಡಿತು. 2003ರಿಂದ ನೋಡಿಕೊಳ್ಳುತ್ತಿರುವವರು ಬ್ರೂನೋ ಬೋರಿ. ಕೆಳಗೆ ವೈನ್ ಪೀಪಾಯಿ, ಮೇಲೆ ಮನೆಯವರ ವಾಸ ಅಂತ ಓದಿದಾಗ ನಮ್ಮ ಅಡಿಕೆ ಅಟ್ಟ ನೆನಪಾಗಿ ನಗು ಬಂತು, ನಮ್ಮದು ತಲೆಕೆಳಗು ಅಷ್ಟೇ. ಸ್ಯಾಂ-ಜೂಲಿಯೆನ್ ಇರುವ ಮೆದೋಕ್ ಸೀಮೆಯ ತೋಟಗಳಿಗೆ 1855ರಲ್ಲಿ ದರ್ಜೆ ಕಟ್ಟಿದಾಗ ಇದಕ್ಕೆ ಎರಡನೇ ದರ್ಜೆ ಸಿಕ್ಕಿತು, ಇವತ್ತಿಗೂ ಅದೇ. ನೆಲವೆಲ್ಲ ಉರುಟು ಕಲ್ಲು, ಮಳೆ ನೀರು ತಾನಾಗಿ ಬಸಿದು ಹೋಗುತ್ತದೆ. ಬಸಿಗಾಲುವೆ ತೋಡಿ ತೋಡಿ ಸೊಂಟ ಮುರಿದುಕೊಂಡವರಿಗೆ ಹೊಟ್ಟೆಕಿಚ್ಚಾಗುವ ಸಂಗತಿ. ಹೆಚ್ಚಿನ ಪಾಲು ಕ್ಯಾಬರ್ನೆ ಸೋವಿನ್ಯೋನ್ ಎಂಬ ದ್ರಾಕ್ಷಿ ತಳಿ, ಜೊತೆಗೆ ಮೆರ್ಲೋ. ಕೆಂಪು ಬಣ್ಣ ರಸದ್ದಲ್ಲ, ಸಿಪ್ಪೆಯದ್ದು. ಸಿಪ್ಪೆ ಸಮೇತ ಹುದುಗಿಸಿ, ಆಮೇಲೆ ಓಕ್ ಪೀಪಾಯಿಯಲ್ಲಿ ಸುಮಾರು ಒಂದೂವರೆ ವರ್ಷ ಇಡುತ್ತಾರೆ.

ಆ ತೋಟದ ಬಾಟಲಿ ನಮ್ಮ ಕೈಗೆಟಕುವಂಥದ್ದಲ್ಲ. ಬೆಂಗಳೂರಿನಲ್ಲಿರುವ ಅಣ್ಣನ ಮಗನ ಮನೆಯಲ್ಲಿ ಅದೇ ಸೀಮೆಯ ಸಾಧಾರಣದ್ದೊಂದು ಇತ್ತು. "ಅತ್ತೆ, ಇದು ಬೋರ್ಡೋ ನೋಡು" ಅಂದ. "ಎಂತದಾ ತಮಾ, ಕೊಳೆ ಔಷಧಿ ಕುಡೀತ್ಯನಾ?" ಅಂದೆ. ಒಂದು ಗುಟುಕು ಬಾಯಿಗೆ ಹಾಕಿದೆ, ಊರಲ್ಲಿ ಯಾರಿಗೂ ಹೇಳಬೇಡಿ. ನಾಲಿಗೆಯ ಇಕ್ಕೆಲವನ್ನೂ ಹಿಡಿದುಕೊಂಡ ಒಗರು, ಥೇಟ್ ಅಡಿಕೆ ಬೇಯಿಸಿದ ಚೊಗರು ನೆಕ್ಕಿದ ಹಾಗೆ. ಎರಡರಲ್ಲೂ ಇರುವುದು ಟ್ಯಾನಿನ್ನೇ ಅಂತೆ. ಹುಳಿ ಜಾಸ್ತಿ, ಆದರೆ ನುಂಗಿದ ಮೇಲೂ ಮರದ ವಾಸನೆ ಬಹಳ ಹೊತ್ತು ಉಳಿಯಿತು. ನನಗೇನೂ ಇಷ್ಟವಾಗಲಿಲ್ಲ, ಬೇಡ ಅಂತಲೂ ಅನ್ನಿಸಲಿಲ್ಲ.

ರುಚಿಗಿಂತ ಹೆಚ್ಚು ತಲೆಗೆ ಹತ್ತಿದ್ದು ಬಾಟಲಿಯ ಮೇಲಿನ ಚೀಟಿ. ತೋಟದ ಹೆಸರು, ಬೆಳೆದ ವರ್ಷ ಎರಡೂ ಇತ್ತು. ನಮ್ಮ ಅಡಿಕೆಗೆ ಚಾಲಿ, ರಾಶಿ, ಬೆಟ್ಟೆ, ಕೋಕಾ ಅಂತ ಬಗೆಬಗೆಯ ಹೆಸರಿದೆ. ಸೊಸೈಟಿ ಟೆಂಡರಿನಲ್ಲಿ ರೇಟಾಗಿ ಚೀಲ ಲಾರಿ ಹತ್ತಿದ ಮೇಲೆ ಯಾವ ತೋಟದ್ದು, ಯಾರು ಸುಲಿದದ್ದು ಅಂತ ಕೇಳುವವರಿಲ್ಲ. 2019ರಲ್ಲಿ ಶಿರಸಿ ಸುಪಾರಿಗೆ ಜಿಐ (ಭೌಗೋಳಿಕ ಗುರುತು) ಬಂತು, ಸಂತೋಷವೇ. ಆದರೆ ಅದು ಸೀಮೆಯ ಹೆಸರು, ತೋಟದ್ದಲ್ಲ.

"ನೀವೂ ಲೇಬಲ್ ಹಾಕಿ ಮಾರಿ" ಅಂತಾನೆ ಅಣ್ಣನ ಮಗ. ಗುಟ್ಕಾದವನಿಗೆ ತೋಟದ ಹೆಸರು ಕಟ್ಟಿಕೊಂಡು ಏನಾಗಬೇಕು? ಅದು ನಮ್ಮ ಯಜಮಾನರ ಪ್ರಶ್ನೆ, ಉತ್ತರ ನನ್ನ ಹತ್ತಿರವೂ ಇಲ್ಲ. ಆದರೂ ಕೆಳಗಿನ ತೋಟದ ಚಾಲಿ ಮೇಲಿನದಕ್ಕಿಂತ ಸಿಹಿ ಅಂತ ನಮ್ಮತ್ತೆ ಹೇಳುತ್ತಿದ್ದರು. ಈ ಸಲ ಎರಡನ್ನೂ ಬೆರೆಸದೆ ಬೇರೆ ಬೇರೆ ಒಣಗಿಸಬೇಕು ಅಂತಿದ್ದೇನೆ. ಅಂಗಳ ಸಾಲುವುದಿಲ್ಲ ಅಂತ ಯಜಮಾನರದ್ದು ಈಗಾಗಲೇ ತಕರಾರು ಶುರುವಾಗಿದೆ.